ಟಾಟಾ 1613 ಲಾರಿಯ ಡೀಸೆಲ್ ಪಂಪ್ ಇಳಿಸಿ ಕೂರಿಸಿದ್ದು: ನನ್ನ ಅನುಭವ

ಗಾಡಿ ಎಳೆಯುತ್ತಿಲ್ಲ ಅಂದ ಕೂಡಲೇ, ಎಂಜಿನ್ನಿಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ಪಂಪ್ ಇಳಿಸಿಬಿಡುವ ಅಭ್ಯಾಸ ನಮ್ಮ ಲೈನಿನಲ್ಲಿ ಬಹಳ ಇದೆ. ನಾನು ಹಾಸನದ ಹೆದ್ದಾರಿ ಬದಿಯಲ್ಲಿ ಲಾರಿ ಕೆಲಸ ಮಾಡುವವನು. ಪಂಪ್ ಹೋಗಿದೆ ಅಂತ ನನ್ನ ಹತ್ತಿರ ಬಂದ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಪಂಪ್ ಸರಿಯಾಗಿಯೇ ಇರುತ್ತದೆ. ಕಟ್ಟಿಕೊಂಡ ಫಿಲ್ಟರ್, ಸಂದಿಯಲ್ಲಿ ಗಾಳಿ ಎಳೆದುಕೊಳ್ಳುವ ಡೀಸೆಲ್ ಪೈಪು, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಕಡೆ ಸೋರುವ ನೋಜಲ್, ಇವು ಮಾಡಿದ್ದೆಲ್ಲ ಪಂಪಿನ ತಲೆಗೆ ಬರುತ್ತದೆ. ಪಂಪ್ ಬಿಚ್ಚಿ ರಿಪೇರಿ ಮಾಡುವ ಪಂಪ್ ರೂಮಿನ ಬಿಲ್ಲು ಸಣ್ಣದಲ್ಲ, ಒಂದೇ ಗಾಡಿ ಇಟ್ಟುಕೊಂಡವರಿಗೆ ಅದು ಎಷ್ಟೋ ಟ್ರಿಪ್ಪಿನ ದುಡಿಮೆ. ಹಾಗಾಗಿ ಉಳಿದದ್ದರ ಮೇಲಿನ ಅನುಮಾನ ಪೂರ್ತಿ ತೀರದೆ ನಾನು ಪಂಪಿಗೆ ಸ್ಪ್ಯಾನರ್ ಹಾಕುವುದಿಲ್ಲ. ಪಂಪೇ ನಿಜವಾಗಿ ಸವೆದಿದ್ದ ಒಂದು ಗಾಡಿಯ ಕೆಲಸ ಇಲ್ಲಿ ಬರೆಯುತ್ತಿದ್ದೇನೆ.

ಟಾಟಾ 1613, ಆರು ಸಿಲಿಂಡರಿನ 697 ಟರ್ಬೊ ಎಂಜಿನ್, ಮೈಕೋ ಇನ್‌ಲೈನ್ ಪಂಪ್. ಕಂಪನಿ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡರೂ ನಮ್ಮ ಬಾಯಲ್ಲಿ ಅದು ಇವತ್ತಿಗೂ ಮೈಕೋ ಪಂಪೇ. ಶುದ್ಧ ಡೀಸೆಲ್ ಕೊಟ್ಟರೆ ಲಕ್ಷಗಟ್ಟಲೆ ಕಿಲೋಮೀಟರ್ ದುಡಿಯುವ ಪಂಪ್ ಅದು. ಗಾಡಿ ಮಂಗಳೂರು ಬಂದರಿನಿಂದ ಗೊಬ್ಬರ ಹೊತ್ತು ಶಿರಾಡಿ ಘಾಟಿ ಹತ್ತಿ ಬರುತ್ತಿತ್ತು. "ಮೇಸ್ತ್ರಿ, ಖಾಲಿ ಇದ್ರೆ ಚೆನ್ನಾಗೇ ಓಡ್ತದೆ. ಲೋಡ್ ಹಾಕಿದ್ರೆ ಗುಂಡ್ಯ ದಾಟಿದ ಮೇಲೆ ಎಳೆಯೋದೇ ಇಲ್ಲ. ಬಿಸಿ ಆದಾಗ ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ತಗೊಳ್ಳಲ್ಲ" ಅಂದ ಡ್ರೈವರ್. ಈ ಕೊನೆಯ ಮಾತು ನನ್ನ ಕಿವಿಗೆ ಬಿತ್ತು. ತಣ್ಣಗಿದ್ದಾಗ ಸ್ಟಾರ್ಟ್ ತೊಂದರೆ ಕೊಟ್ಟರೆ ಬ್ಯಾಟರಿ, ಸೆಲ್ಫ್, ಕಂಪ್ರೆಷನ್ ಕಡೆ ಮೊದಲು ನೋಡಬೇಕು. ಬಿಸಿಯಲ್ಲಿ ತೊಂದರೆ ಕೊಟ್ಟರೆ ಪಂಪಿನ ಎಲಿಮೆಂಟ್ ಕಡೆಗೂ ಕಣ್ಣು ಹೋಗಬೇಕು. ಎಲಿಮೆಂಟ್ ಅಂದರೆ ಡೀಸೆಲ್ ಒತ್ತುವ ಪ್ಲಂಜರ್ ಮತ್ತು ಅದು ಓಡಾಡುವ ಬ್ಯಾರೆಲ್ಲಿನ ಜೋಡಿ, ಸಿಲಿಂಡರಿಗೊಂದು. ಬಿಸಿಯಾದ ಡೀಸೆಲ್ ತೆಳುವಾಗುತ್ತದೆ, ಸವೆದ ಪ್ಲಂಜರ್ ಸಂದಿಯಲ್ಲಿ ಜಾರಿ ಹೋಗುತ್ತದೆ. ಸೆಲ್ಫ್ ತಿರುಗಿಸುವ ನಿಧಾನ ವೇಗದಲ್ಲಿ ನೋಜಲ್ ತೆರೆಯುವಷ್ಟು ಒತ್ತಡವೇ ಹುಟ್ಟುವುದಿಲ್ಲ.

ಆದರೂ ಶುರು ಮಾಡಿದ್ದು ಟ್ಯಾಂಕಿನಿಂದ. ಟ್ಯಾಂಕಿನಿಂದ ಡೀಸೆಲ್ ಎಳೆದು ಕೊಡುವ ಫೀಡ್ ಪಂಪಿಗೆ ಬರುವ ಪೈಪಿನ ಜಾಗದಲ್ಲಿ ಒಳಗಿನದು ಕಾಣುವ ಪ್ಲಾಸ್ಟಿಕ್ ಪೈಪ್ ಹಾಕಿ ಎಂಜಿನ್ ಓಡಿಸಿದೆ. ಗುಳ್ಳೆ ಇಲ್ಲ, ಅಂದರೆ ಏರ್ ಹಿಡಿದಿಲ್ಲ. ಎರಡೂ ಫಿಲ್ಟರ್ ಹೊಸದು ಹಾಕಿದೆ. ಫಿಲ್ಟರ್ ದಾಟಿದ ಮೇಲೆ ಗೇಜ್ ಇಟ್ಟು ನೋಡಿದರೆ ಒತ್ತಡ 1 ಬಾರ್‌ಗಿಂತ ಸ್ವಲ್ಪ ಮೇಲೆ ನಿಂತಿತ್ತು, ಫೀಡ್ ಪಂಪ್ ಚೆನ್ನಾಗಿದೆ. ಏರ್ ಕ್ಲೀನರ್, ಟರ್ಬೊದ ರಬ್ಬರ್ ಹೋಸ್, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಪಂಪಿನ ಲಿವರ್ ಕೊನೆ ಮುಟ್ಟುತ್ತದೆಯೇ, ಇವನ್ನೂ ನೋಡಿದೆ. ಲಿವರ್ ಪೂರ್ತಿ ಹೋಗದೆ ಪಿಕಪ್ ಇಲ್ಲ ಅಂತ ಪಂಪ್ ಇಳಿಸಿದ ಗಾಡಿಗಳೂ ಇವೆ.

ಆಮೇಲೆ ಐಡಲ್‌ನಲ್ಲಿ ಓಡುವಾಗ ನೋಜಲ್ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿದೆ. ಕೆಲಸ ಮಾಡುತ್ತಿರುವ ಸಿಲಿಂಡರಿನ ನಟ್ಟು ಸಡಿಲಿಸಿದರೆ ಎಂಜಿನ್ ಸದ್ದು ತಕ್ಷಣ ಬದಲಾಗುತ್ತದೆ, ಮಿಸ್ ಹೊಡೆಯುತ್ತದೆ. ಎರಡು ಮತ್ತು ಐದರಲ್ಲಿ ಬದಲಾವಣೆ ಬಹಳ ಕಡಿಮೆ. ಆ ಎರಡು ನೋಜಲ್ಲುಗಳನ್ನು ಒಂದು ಮತ್ತು ಆರರ ಜೊತೆ ಅದಲುಬದಲು ಮಾಡಿದೆ. ತೊಂದರೆ ನೋಜಲ್ ಜೊತೆ ಹೋಗಲಿಲ್ಲ, ಎರಡು ಮತ್ತು ಐದರಲ್ಲೇ ಉಳಿಯಿತು. ಕಂಪ್ರೆಷನ್ ನೋಡಿದರೆ ಆರೂ ಹೆಚ್ಚುಕಡಿಮೆ ಸಮ. ಇನ್ನು ಉಳಿದದ್ದು ಪಂಪ್.

ಇಲ್ಲಿ ಒಂದು ಮಾತು ಹೇಳಲೇಬೇಕು. ಸಡಿಲಿಸಿದ ನಟ್ಟಿನ ಹತ್ತಿರ, ನೋಜಲ್ ಬಾಯಿಯ ಮುಂದೆ ಯಾವತ್ತೂ ಬೆರಳು ಹಿಡಿಯಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಒಳಗೆ ಬೆರಳೇ ಕೊಳೆಯಬಹುದು, ತಡಮಾಡದೆ ದೊಡ್ಡ ಆಸ್ಪತ್ರೆಗೆ ಓಡಬೇಕು. ಎಲ್ಲ ನೋಜಲ್ಲುಗಳಿಗೂ ಒಂದೇ ಪೈಪಿನಿಂದ ಡೀಸೆಲ್ ಹೋಗುವ ಕಾಮನ್ ರೈಲ್ ಗಾಡಿಯಲ್ಲಂತೂ ಓಡುತ್ತಿರುವಾಗ ಈ ನಟ್ಟು ಸಡಿಲಿಸುವ ಮಾತೇ ಇಲ್ಲ. ಅಲ್ಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ.

ಪಂಪಿನ ಮೇಲಿನ ಅನುಮಾನ ಗಟ್ಟಿಯಾಗಿದ್ದು ಡಿಪ್‌ಸ್ಟಿಕ್ಕಿನಿಂದ. ಎಂಜಿನ್ ಆಯಿಲ್ ಮೇಲಿನ ಗುರುತು ದಾಟಿ ನಿಂತಿತ್ತು. ಆಯಿಲ್ ಹಾಕಿಲ್ಲ ಅಂತ ಡ್ರೈವರ್ ಹೇಳಿದ. ಹಳೇ ಪೇಪರಿನ ಮೇಲೆ ಒಂದು ಹನಿ ಬಿಟ್ಟು ಕಾದೆ. ನಡುವೆ ಕಪ್ಪು ಚುಕ್ಕೆ ನಿಂತು, ಅದರ ಸುತ್ತ ಬಣ್ಣವಿಲ್ಲದ ತೇವ ಅಗಲವಾಗಿ ಹರಡಿತು. ಹರಡಿದ್ದು ಡೀಸೆಲ್. ಈ ಪಂಪಿನ ಕ್ಯಾಮ್ ಶಾಫ್ಟಿಗೆ ಎಂಜಿನ್ ಆಯಿಲ್ಲೇ ಹರಿಯುವುದು, ಹಾಗಾಗಿ ಎಲಿಮೆಂಟಿನಲ್ಲಿ ಕೆಳಗಿಳಿದ ಡೀಸೆಲ್ ನೇರ ಎಂಜಿನ್ ಅಡಿಯ ಆಯಿಲ್ ಚೇಂಬರಿಗೆ ಸೇರುತ್ತಿತ್ತು. ಅಂಥ ಆಯಿಲ್ಲಿನಲ್ಲಿ ಘಾಟಿ ಹತ್ತಿಸಿದರೆ ಪಂಪಿನ ಜೊತೆ ಬೇರಿಂಗೂ ಹೋಗುತ್ತದೆ. ಗಾಡಿ ಅಲ್ಲಿಂದ ಕದಲದಂತೆ ಮಾಲೀಕರಿಗೆ ಹೇಳಿದೆ.

ಇಳಿಸುವ ಕೆಲಸದಲ್ಲಿ ಮುಖ್ಯವಾದದ್ದು ಶುಚಿ. ಪಂಪಿನ ಹೊರಮೈಯನ್ನು ಡೀಸೆಲ್ ಹಾಕಿ ಬ್ರಷ್ಷಿನಿಂದ ತೊಳೆದು ಗಾಳಿ ಹೊಡೆದ ಮೇಲೆಯೇ ಮೊದಲ ನಟ್ಟು ಬಿಚ್ಚಿದೆ. ಪ್ಲಂಜರಿಗೂ ಬ್ಯಾರೆಲ್ಲಿಗೂ ನಡುವಿನ ಸಂದಿ ಎರಡು ಮೂರು ಮೈಕ್ರಾನ್ ಮಾತ್ರ, ಕಣ್ಣಿಗೆ ಕಾಣದ ಮಣ್ಣೂ ಅಲ್ಲಿ ಅರದಂತೆ ಉಜ್ಜುತ್ತದೆ. ಬಿಚ್ಚಿದ ಪ್ರತಿ ಬಾಯಿಗೂ ಕ್ಯಾಪ್ ಹಾಕಿದೆ. ಕಾಟನ್ ವೇಸ್ಟ್ ತುರುಕುವುದು ಬೇಡ, ಅದರ ಎಳೆ ಒಳಗೆ ಉಳಿಯುತ್ತದೆ. ಒಂದನೇ ಸಿಲಿಂಡರ್ ಕಂಪ್ರೆಷನ್ನಿಗೆ ಬರುವಂತೆ ಎಂಜಿನ್ ತಿರುಗಿಸಿ, ಆರನೆಯದರ ವಾಲ್ವುಗಳು ಆಡುವುದನ್ನು ನೋಡಿ ಖಾತ್ರಿ ಮಾಡಿಕೊಂಡೆ. ಪಂಪನ್ನು ಎಂಜಿನ್ನಿಗೆ ಕೂರಿಸುವ ಫ್ಲ್ಯಾಂಜಿಗೂ ಎಂಜಿನ್ನಿಗೂ ಸೇರಿಸಿ ಒಂದು ಗೆರೆ ಕೊರೆದು ಪಂಪ್ ಇಳಿಸಿದೆ.

ಪಂಪ್ ರೂಮಿಗೆ ನಾನೇ ಜೊತೆಗೆ ಹೋದೆ. ಬಿಚ್ಚುವ ಮೊದಲು ಬೆಂಚಿಗೆ ಹಾಕಿ ಆರೂ ಗ್ಲಾಸ್ ಟ್ಯೂಬಿನಲ್ಲಿ ಬೀಳುವ ಡೀಸೆಲ್ ತೋರಿಸಿ ಅಂತ ಕೇಳುವುದು ನನ್ನ ಪದ್ಧತಿ. ಎರಡು ಮತ್ತು ಐದರ ಟ್ಯೂಬುಗಳು ಉಳಿದವಕ್ಕಿಂತ ಸ್ಪಷ್ಟವಾಗಿ ಕೆಳಗಿದ್ದವು. ಐದನೆಯ ಪ್ಲಂಜರ್ ಹೊರತೆಗೆದು ಬಲ್ಬಿನ ಬೆಳಕಿಗೆ ಹಿಡಿದಾಗ, ಕನ್ನಡಿಯಂತೆ ಹೊಳೆಯಬೇಕಾದ ಉಕ್ಕಿನ ಮೇಲೆ, ಓರೆಯಾಗಿ ಕೊರೆದ ಹೆಲಿಕ್ಸ್ ಅಂಚಿನ ಹತ್ತಿರ ಬೂದಿ ಬಣ್ಣದ ಮಬ್ಬು ಪಟ್ಟಿ, ಅದರ ಕೆಳಗೆ ನೆಟ್ಟಗಿನ ಸಣ್ಣ ಗೀರುಗಳು ಕಂಡವು. ಡೀಸೆಲ್ ಹಿಂದಕ್ಕೆ ಬಾರದಂತೆ ತಡೆಯುವ ಪಕ್ಕದ ಡೆಲಿವರಿ ವಾಲ್ವಿನ ಸೀಟಿನಲ್ಲಿ ತುಕ್ಕಿನ ಚುಕ್ಕೆ. ತುಕ್ಕು ನೀರಿಲ್ಲದೆ ಬರುವುದಿಲ್ಲ. ಎರಡೇ ಬದಲಿಸಿ ಸಾಕು ಅಂತ ಮಾಲೀಕರಿಗೆ ಆಸೆ ಇತ್ತು. ಹೊಸ ಎಲಿಮೆಂಟೂ ಸವೆದ ಎಲಿಮೆಂಟೂ ಎಲ್ಲ ವೇಗದಲ್ಲೂ ಸಮನಾಗಿ ಡೀಸೆಲ್ ಕೊಡುವಂತೆ ಮಾಡುವುದು ಆಗದ ಕೆಲಸ ಅಂತ ಟ್ಯೂಬುಗಳನ್ನೇ ತೋರಿಸಿ ಒಪ್ಪಿಸಿದೆ. ಆರೂ ಎಲಿಮೆಂಟ್, ಆರೂ ಡೆಲಿವರಿ ವಾಲ್ವ್ ಬದಲಾದವು. ನೋಜಲ್ಲುಗಳನ್ನೂ ಟೆಸ್ಟರಿಗೆ ಹಾಕಿಸಿದೆ.

ಕೂರಿಸುವಾಗ ಹಳೇ ಗೆರೆಗೆ ಗೆರೆ ಸೇರಿಸಿ ಬಿಟ್ಟುಬಿಡುವವರಿದ್ದಾರೆ. ಎಲಿಮೆಂಟ್ ಬದಲಿಸಿದ ಪಂಪಿಗೆ ಅದು ಸಾಲದು, ಸ್ಪಿಲ್ ಟೈಮಿಂಗ್ ಮಾಡಲೇಬೇಕು, ಅಂದರೆ ಡೀಸೆಲ್ ಹರಿವು ನಿಲ್ಲುವ ಜಾಗ ನೋಡಿ ಇಂಜೆಕ್ಷನ್ ಶುರುವಾಗುವ ಹೊತ್ತು ಹೊಂದಿಸಬೇಕು. ಒಂದನೇ ಡೆಲಿವರಿ ವಾಲ್ವನ್ನೂ ಸ್ಪ್ರಿಂಗನ್ನೂ ತೆಗೆದು, ಹೋಲ್ಡರ್ ಮತ್ತೆ ಹಾಕಿ, ಅದಕ್ಕೆ ಬಾಗಿದ ಪೈಪ್ ಕಟ್ಟಿದೆ. ಸ್ಟಾಪ್ ಲಿವರ್ ಓಡುವ ಸ್ಥಾನದಲ್ಲಿರಬೇಕು, ಆಕ್ಸಿಲರೇಟರ್ ಲಿವರ್ ಪೂರ್ತಿ ಎಳೆದಿರಬೇಕು. ಹುಡುಗ ಹ್ಯಾಂಡ್ ಪ್ರೈಮರ್ ಒತ್ತುತ್ತಿದ್ದಂತೆ ಡೀಸೆಲ್ ಧಾರೆಯಾಗಿ ಬಂತು. ಎಂಜಿನ್ನನ್ನು ಅದು ಓಡುವ ದಿಕ್ಕಿಗೇ ನಿಧಾನ ತಿರುಗಿಸುತ್ತಾ ಬಂದಂತೆ ಧಾರೆ ತೆಳುವಾಯಿತು, ನೂಲಾಯಿತು, ಹನಿಯಾಗಿ ಒಡೆಯಿತು. ಒಂದು ಹನಿಗೂ ಮುಂದಿನ ಹನಿಗೂ ಹತ್ತು ಹದಿನೈದು ಸೆಕೆಂಡ್ ಹಿಡಿಯುವ ಜಾಗದಲ್ಲಿ ನಿಂತೆ. ಅಲ್ಲಿಗೆ ಪ್ಲಂಜರ್, ಡೀಸೆಲ್ ಒಳಬರುವ ಪೋರ್ಟ್ ಮುಚ್ಚಿದೆ, ಇಂಜೆಕ್ಷನ್ ಶುರುವಾಗುವುದು ಅಲ್ಲಿಂದ. ಆಗ ಎಂಜಿನ್ ಎಷ್ಟು ತಿರುಗಿದೆ ಅಂತ ತೋರಿಸುವ ಗುರುತು ಆ ಎಂಜಿನ್ನಿಗೆ ಕೊಟ್ಟಿರುವ ಡಿಗ್ರಿಯ ಮೇಲೆ ಇರಬೇಕು. ಇಲ್ಲದಿದ್ದರೆ ಫ್ಲ್ಯಾಂಜಿನ ಉದ್ದ ತೂತಿನಲ್ಲಿ ಪಂಪನ್ನು ತಿರುಗಿಸಿ ಸರಿಮಾಡಬೇಕು. ಪಂಪ್ ಶಾಫ್ಟ್ ತಿರುಗುವ ದಿಕ್ಕಿಗೆ ಎದುರಾಗಿ ಪಂಪಿನ ಮೈ ತಿರುಗಿಸಿದರೆ ಟೈಮಿಂಗ್ ಮುಂದಾಗುತ್ತದೆ, ಅದೇ ದಿಕ್ಕಿಗೆ ತಿರುಗಿಸಿದರೆ ಹಿಂದಾಗುತ್ತದೆ. ಡಿಗ್ರಿ ಪ್ರತಿ ಮಾಡೆಲ್ಲಿಗೂ ಬೇರೆ. ಬಾಯಿಮಾತಿನ ಲೆಕ್ಕ ನಂಬದೆ ಎಂಜಿನ್ ಪ್ಲೇಟ್ ಅಥವಾ ಮ್ಯಾನ್ಯುಯಲ್ ನೋಡಿ.

ವಾಲ್ವ್ ಮತ್ತೆ ಹಾಕಿ, ಹೊಸ ತಾಮ್ರದ ವಾಷರ್ ಕೊಟ್ಟು, ಫಿಲ್ಟರಿನಿಂದ ಪಂಪಿನವರೆಗೆ ಏರ್ ತೆಗೆದೆ. ಎಂಜಿನ್ ಆಯಿಲ್ಲೂ ಆಯಿಲ್ ಫಿಲ್ಟರೂ ಹೊಸದು. ಸೆಲ್ಫ್ ಹೊಡೆಯುವ ಮೊದಲು ಸ್ಟಾಪ್ ಲಿವರ್ ಹಗುರವಾಗಿ ಆಡುತ್ತದೆಯೇ ಅಂತ ಕೈಯಿಂದ ನೋಡಿದೆ. ಹೊಸದಾಗಿ ಕೂರಿಸಿದ ಪಂಪಿನಲ್ಲಿ ಡೀಸೆಲ್ ಪ್ರಮಾಣ ಹೆಚ್ಚುಕಡಿಮೆ ಮಾಡುವ ರ‍್ಯಾಕ್ ಹಿಡಿದುಕೊಂಡರೆ ಎಂಜಿನ್ ರೇಸ್ ಏರಿ ಕೈಗೆ ಸಿಗುವುದಿಲ್ಲ. ಹಾಗಾದರೆ ಎಂಜಿನ್ ನಿಲ್ಲಿಸಲು, ಅದಕ್ಕೆ ಗಾಳಿ ಹೋಗುವ ಪೈಪಿನ ಬಾಯಿ ಮುಚ್ಚುವ ದಪ್ಪ ಹಲಗೆಯೊಂದನ್ನು ಕೈಯಲ್ಲಿ ಹಿಡಿದು ಒಬ್ಬರು ನಿಂತೇ ಇರಬೇಕು. ಕೆಲವು ಸುತ್ತು ತಿರುಗಿದ ಮೇಲೆ ಎಂಜಿನ್ ಹಿಡಿಯಿತು. ಬಿಳಿ ಹೊಗೆ ಸ್ವಲ್ಪ ಹೊತ್ತು ಇದ್ದು ತಿಳಿಯಾಯಿತು.

ನೀರು ಎಲ್ಲಿಂದ ಬಂತು ಅನ್ನುವುದು ಇನ್ನೂ ಉಳಿದಿತ್ತು. ಅದು ಗೊತ್ತಾಗದೆ ಗಾಡಿ ಕಳಿಸಿದರೆ ಹೊಸ ಎಲಿಮೆಂಟುಗಳಿಗೂ ಅದೇ ಗತಿ. ಗಾಡಿ ರಾತ್ರಿ ನಿಂತಿದ್ದ ಮೇಲೆ, ಬೆಳಿಗ್ಗೆ ಕದಲಿಸುವ ಮೊದಲೇ ಟ್ಯಾಂಕಿನ ಅಡಿಯ ಪ್ಲಗ್ ಬಿಚ್ಚಿ ಬಂದದ್ದನ್ನು ಗಾಜಿನ ಬಾಟಲಿಯಲ್ಲಿ ಹಿಡಿದೆ. ಕೆಳಗೆ ನೀರು, ಮೇಲೆ ಡೀಸೆಲ್, ನಡುವೆ ಕಂದು ಕೆಸರಿನ ಗೆರೆ. ಟ್ಯಾಂಕ್ ಮುಚ್ಚಳದ ರಬ್ಬರ್ ವಾಷರ್ ಹರಿದಿತ್ತು. ಸಕಲೇಶಪುರದ ಮಳೆ ಅಲ್ಲಿಂದಲೇ ಒಳಗೆ ಇಳಿಯುತ್ತಿತ್ತು. ಟ್ಯಾಂಕ್ ಇಳಿಸಿ ತೊಳೆಸಿ, ವಾಷರ್ ಬದಲಿಸಿ, ವಾಟರ್ ಸೆಪರೇಟರ್ ಬೌಲಿನ ಸ್ಕ್ರೂ ಹೇಗೆ ಬಿಚ್ಚಿ ನೀರು ಬಿಡಬೇಕೆಂದು ಡ್ರೈವರಿನ ಕೈಯಿಂದಲೇ ಮಾಡಿಸಿದೆ. ಮಳೆಗಾಲದಲ್ಲಿ ದಿನಾ ಬೆಳಿಗ್ಗೆ, ಸೆಲ್ಫ್ ಹೊಡೆಯುವ ಮೊದಲು.