ಶಾಲಾ ಮಕ್ಕಳ ಇಇಜಿ ಮತ್ತು ಬುದ್ಧಿಮಾಪನೆ: ನನ್ನ ಅನುಭವ

ಧಾರವಾಡದ ಸುತ್ತಲಿನ ಶಾಲೆಗಳ ಆರರಿಂದ ಹನ್ನೊಂದು ವರ್ಷದ ಮಕ್ಕಳಲ್ಲಿ ಮಿದುಳಿನ ವಿದ್ಯುತ್ ಚಟುವಟಿಕೆಗೂ (ಅದರ ದಾಖಲೆಯೇ ಇಇಜಿ) ಬುದ್ಧಿಮಟ್ಟಕ್ಕೂ ಇರುವ ನಂಟನ್ನು ನೋಡಲು ಹೊರಟಾಗ ನನಗೆ ಮೊದಲು ಎದುರಾದ ತೊಡಕು ಕೊಬ್ಬರಿ ಎಣ್ಣೆಯದು. ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹೆಣೆದ ತಲೆಯ ಮೇಲೆ ಸಂಕೇತ ಹಿಡಿಯುವ ಎಲೆಕ್ಟ್ರೋಡ್ ಕೂರುವುದಿಲ್ಲ. ಕೂತರೂ ವಿದ್ಯುತ್ ತಡೆ ಬೇಕಾದಷ್ಟು, ಅಂದರೆ 5 ಕಿಲೋಓಮ್‌ಗಿಂತ ಕೆಳಗಿಳಿಯುವುದಿಲ್ಲ, ಅಳೆಯಬೇಕಾದ ಸಂಕೇತವೋ ಕೆಲವು ಹತ್ತು ಮೈಕ್ರೋವೋಲ್ಟ್‌ಗಳಷ್ಟೇ. ಹಿಂದಿನ ದಿನವೇ ತಲೆಸ್ನಾನ ಮಾಡಿಸಿ, ಎಣ್ಣೆ ಹಚ್ಚದೆ ಕಳುಹಿಸಿ ಎಂದು ಚೀಟಿ ಬರೆದು ಕೊಡುವ ರೂಢಿ ಆಗಿನಿಂದ ಬಂತು.

ಎರಡನೆಯದು ಹೆದರಿಕೆ. "ಹುಡುಗಗ ಕರೆಂಟ್ ಕೊಡತೀರೇನ್ರಿ?" ಎಂದು ತಾಯಿಯೊಬ್ಬರು ಮಗನನ್ನು ಸೆರಗಿನ ಮರೆಗೆ ಎಳೆದುಕೊಂಡು ಕೇಳಿದರು. "ಇಲ್ರಿ ಅಕ್ಕಾರ, ಅವನ ತಲಿಯಿಂದ ಬರೂದನ್ನ ಬರಕೋತೀವಿ ಅಷ್ಟ" ಎಂದು ಹೇಳಿ ಮೊದಲು ನನ್ನ ಹಣೆಗೇ ಒಂದು ಎಲೆಕ್ಟ್ರೋಡ್ ಅಂಟಿಸಿಕೊಂಡು ಕಣ್ಣು ಮಿಟುಕಿಸಿದೆ. ಪರದೆಯ ಮೇಲೆ ಗೆರೆ ಜಿಗಿದದ್ದನ್ನು ಕಂಡು ಹುಡುಗ ತಾನಾಗಿಯೇ ಕುರ್ಚಿ ಹತ್ತಿದ.

ನಾನು ಈ ಕೆಲಸಕ್ಕೆ ಇಳಿದದ್ದಕ್ಕೆ ಪ್ರೇರಣೆ ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಹೈಯರ್ ಅವರು 1988ರಲ್ಲಿ ಪ್ರಕಟಿಸಿದ ಪಿಇಟಿ (ಮಿದುಳು ಎಷ್ಟು ಗ್ಲೂಕೋಸ್ ಬಳಸುತ್ತದೆಂದು ತೋರಿಸುವ ಸ್ಕ್ಯಾನ್) ಅಧ್ಯಯನ. ಕಠಿಣ ಚಿತ್ರ ಸಮಸ್ಯೆಗಳಲ್ಲಿ ಹೆಚ್ಚು ಅಂಕ ಪಡೆದವರ ಮಿದುಳು ಕಡಿಮೆ ಗ್ಲೂಕೋಸ್ ಬಳಸಿತ್ತು ಎಂಬುದು ಅದರ ತಿರುಳು. ಅದರಲ್ಲಿದ್ದವರು ಎಂಟೇ ಜನ, ಅದೂ ವಯಸ್ಕರು ಎಂಬುದನ್ನು ನಾನು ಆಗ ಸಾಕಷ್ಟು ಗಮನಕ್ಕೆ ತೆಗೆದುಕೊಂಡಿರಲಿಲ್ಲ.

ಪ್ರತಿ ಮಗುವಿನ ಇಇಜಿಯನ್ನು ಕಣ್ಣು ಮುಚ್ಚಿಸಿ ಮತ್ತು ತೆರೆಸಿ ದಾಖಲಿಸಿ, ಆಮೇಲೆ ಬುದ್ಧಿ ಅಳೆಯುವ, ರೇವನ್ ಅವರ 36 ಪ್ರಶ್ನೆಗಳ ಬಣ್ಣದ ಚಿತ್ರಪರೀಕ್ಷೆ ಕೊಡುತ್ತಿದ್ದೆ. ಎಲ್ಲ ಮಕ್ಕಳ ಅಂಕಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಎಚ್ಚರವಾಗಿದ್ದು ಕಣ್ಣು ಮುಚ್ಚಿದಾಗ ತಲೆಯ ಹಿಂಭಾಗದಲ್ಲಿ ಕಾಣುವ ಆಲ್ಫಾ ಅಲೆಯ ವೇಗ ಹೆಚ್ಚಿದಂತೆ ಅಂಕವೂ ಏರುತ್ತಿತ್ತು. ಎರಡು ದಿನ ಹಿಗ್ಗಿದೆ. ಆಮೇಲೆ ತಪ್ಪು ಹೊಳೆಯಿತು: ಈ ಆಲ್ಫಾ ಲಯವು ಮೂರು ವರ್ಷದ ಹೊತ್ತಿಗೆ ಸುಮಾರು 8 ಹರ್ಟ್ಸ್ (ಸೆಕೆಂಡಿಗೆ 8 ಅಲೆ) ಇದ್ದು ಹತ್ತರ ಹೊತ್ತಿಗೆ 10ರ ಆಸುಪಾಸಿಗೆ ಬರುತ್ತದೆ, ಸರಿಯುತ್ತರಗಳ ಸಂಖ್ಯೆಯೂ ವಯಸ್ಸಿನೊಂದಿಗೆ ಏರುತ್ತದೆ. ಅಂದರೆ ಎರಡನ್ನೂ ಎಳೆಯುತ್ತಿದ್ದದ್ದು ವಯಸ್ಸು. ಒಂದೇ ವಯಸ್ಸಿನ ಮಕ್ಕಳನ್ನಷ್ಟೇ ಹೋಲಿಸಿದಾಗ ಆ ನಂಟು ಬಹುಮಟ್ಟಿಗೆ ಕರಗಿಹೋಯಿತು. ಉಳಿದಿದ್ದ ಎಳೆಯ ಮೇಲೆ ಯಾವ ಮಗುವಿನ ಬಗ್ಗೆಯೂ ತೀರ್ಪು ಹೇಳುವಂತಿರಲಿಲ್ಲ.

ನಾಲ್ಕನೆಯ ತರಗತಿಯ ಒಬ್ಬ ಹುಡುಗಿಯ ವಿಷಯದಲ್ಲಿ ನಾನು ಇನ್ನೊಂದು ತಪ್ಪು ಮಾಡುವುದರಲ್ಲಿದ್ದೆ. ಕಣ್ಣು ಮುಚ್ಚಿದ ಎರಡನೆಯ ನಿಮಿಷಕ್ಕೇ ಅವಳ ಆಲ್ಫಾ ಚದುರಿ, 4ರಿಂದ 7 ಹರ್ಟ್ಸಿನ ನಿಧಾನದ ಥೀಟಾ ಅಲೆ ತುಂಬಿಕೊಂಡಿತು. ರೇವನ್ ಅಂಕವೂ ಕಡಿಮೆ ಬಂತು. ಎರಡೂ ಹೊಂದಿಕೊಂಡವು ಎಂದು ಟಿಪ್ಪಣಿಯನ್ನೂ ಬರೆದಿಟ್ಟೆ. ತಲೆಯ ಪೇಸ್ಟ್ ಒರೆಸುವಾಗ ಅವಳೇ ಹೇಳಿದಳು: ರಾತ್ರಿಯಿಡೀ ಊರ ಜಾತ್ರೆಯ ದೊಡ್ಡಾಟ ನೋಡಿ, ಕೋಳಿ ಕೂಗುವ ಹೊತ್ತಿಗೆ ಮಲಗಿದ್ದಳಂತೆ, ಬೆಳಿಗ್ಗೆ ಬರೀ ಚಹಾ ಕುಡಿದಿದ್ದಳಂತೆ. ನಾನು ದಾಖಲಿಸಿದ್ದು ತೂಕಡಿಕೆ. ಹದಿನೈದು ದಿನ ಬಿಟ್ಟು ಮತ್ತೆ ಕರೆಸಿದಾಗ ಆಲ್ಫಾ ನಿಚ್ಚಳವಾಗಿತ್ತು. ಅವೇ ಚಿತ್ರಗಳನ್ನು ಎರಡನೆಯ ಸಲ ತೋರಿಸಿದರೆ ನೆನಪಿನ ಲಾಭ ಸೇರುತ್ತದೆಂದು, ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ವಿ. ವಿ. ಕಾಮತ್ ಅವರು 1934ರಲ್ಲಿ ಪರಿಷ್ಕರಿಸಿದ, ಫ್ರಾನ್ಸಿನ ಬಿನೆ ಅವರ ಬುದ್ಧಿಪರೀಕ್ಷೆಯನ್ನು ಕೊಟ್ಟೆ. ಅದರ ಮಾನದಂಡಗಳು ಹಳೆಯವು ಎಂಬ ನನ್ನ ತಕರಾರು ಈಗಲೂ ಇದೆ. ಆದರೂ ಹುಡುಗಿ ವಯಸ್ಸಿಗೆ ತಕ್ಕ ಮಟ್ಟದಲ್ಲಿದ್ದಾಳೆ ಎಂಬುದು ಅದರಿಂದ ಸ್ಪಷ್ಟವಾಯಿತು.

ಮಗನ ಅಲೆಗಳನ್ನು ನೋಡಿ ಮುಂದೆ ಸೈನ್ಸ್ ಓದಿಸಬಹುದೇ ಹೇಳಿ ಎನ್ನುವ ಪಾಲಕರು ಈಗಲೂ ಬರುತ್ತಾರೆ. ಅವರಿಗೆ ಕೊಡುವ ವರದಿಯಲ್ಲಿ ಲಯ ವಯಸ್ಸಿಗೆ ತಕ್ಕಂತಿದೆಯೇ, ಅಪಸ್ಮಾರದ ಲಕ್ಷಣವೇನಾದರೂ ಇದೆಯೇ ಎಂಬುದನ್ನಷ್ಟೇ ಬರೆಯುತ್ತೇನೆ. ಬುದ್ಧಿಯ ಅಂಕವನ್ನು ಆ ಹಾಳೆಯಲ್ಲಿ ನಮೂದಿಸುವುದಿಲ್ಲ. ಮಕ್ಕಳ ಫಾರಂನಲ್ಲಿ ಹೆಸರಿನ ಕೆಳಗೇ ಎರಡು ಸಾಲು ಸೇರಿಸಿದ್ದೇನೆ: ನಿನ್ನೆ ಎಷ್ಟು ಗಂಟೆಗೆ ಮಲಗಿದೆ, ಇವತ್ತು ಏನು ತಿಂದೆ.