ಹಳೇ ಕಟ್ಟಡ ಉಳಿಸ್ಬೇಕಾ ಅಂತ ಜನರನ್ನ ಕೇಳೋ ಕೆಲಸ: ನನ್ನ ಅನುಭವ

ಊರೊಳಗಿನ ಹಳೇ ಕಟ್ಟಡಗಳಿಗೆ ಹೆರಿಟೇಜ್ ರಕ್ಷಣೆ ಕೊಡೋ ಮುಂಚೆ ಅಲ್ಲಿನ ಜನ ಏನಂತಾರೆ ಅಂತ ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋಗಿ ಕೇಳಿ, ಅದನ್ನ ವರದಿ ಮಾಡಿ ಕೊಡೋದು ನನ್ನ ಕೆಲಸ. ಆರ್ಕಿಟೆಕ್ಟ್‌ಗಳು ಗೋಡೆ, ಕಮಾನು, ತೊಲೆ ನೋಡ್ತಾರೆ, ನಾನು ಜನರನ್ನ ಮಾತಾಡಿಸ್ತೀನಿ. ಹೊಸದಾಗಿ ಈ ಕೆಲಸಕ್ಕೆ ಬರ್ತಿರೋ ಹುಡುಗ್ರು ಹುಡ್ಗೀರು ಪ್ರಶ್ನಾವಳಿ ಹೇಗೆ ಮಾಡ್ಬೇಕು, ಯಾರನ್ನ ಕೇಳ್ಬೇಕು ಅಂತ ಕೇಳ್ತಾನೇ ಇರ್ತಾರೆ, ಅದಕ್ಕೆ ನಾನು ಮಾಡೋ ರೀತಿ ಇಲ್ಲಿ ಬರೀತಿದೀನಿ.

ಮೊದಲನೇ ಮಾತು, "ಈ ಕಟ್ಟಡ ಉಳಿಸ್ಬೇಕಾ?" ಅಂತ ಮಾತ್ರ ಕೇಳ್ಬೇಡಿ. ಆ ಪ್ರಶ್ನೆಗೆ ಹೆಚ್ಚು ಕಮ್ಮಿ ಎಲ್ರೂ ಹೌದು ಅಂತಾರೆ, ಯಾಕಂದ್ರೆ ಹೌದು ಅನ್ನೋದಕ್ಕೆ ಅವರ ಕೈಯಿಂದ ಏನೂ ಹೋಗಲ್ಲ, ಬೇಡ ಅಂದ್ರೆ ಕೆಟ್ಟವರಾಗ್ತೀವಿ ಅನ್ಸತ್ತೆ. ಆ ಹೌದುಗಳನ್ನೆಲ್ಲಾ ಕೂಡಿಸಿ ಜನ ಪೂರ್ತಿ ಬೆಂಬಲ ಕೊಟ್ಟಿದಾರೆ ಅಂತ ವರದಿ ಬರೆದ್ರೆ, ಆಮೇಲೆ ನೋಟಿಸ್ ಬಂದ ದಿನ ಅದೇ ಜನ ಬೀದಿಗಿಳೀತಾರೆ, ಅವಾಗ ವರದಿ ಸುಳ್ಳಾಗತ್ತೆ. ಅವರೇನೂ ಮಾತು ತಪ್ಪಿರಲ್ಲ, ಅವರನ್ನ ಕೇಳಿದ್ದೇ ಬೇರೆ ಅವರ ಮೇಲೆ ಬಂದಿದ್ದೇ ಬೇರೆ ಆಗಿರತ್ತೆ.

ಅದಕ್ಕೆ ನಾನು ಯಾವಾಗಲೂ ಪ್ರಶ್ನೆಗೆ ಮುಂಚೆ ವಿಷಯ ಹೇಳ್ತೀನಿ. ಕಟ್ಟಡ ಹೆರಿಟೇಜ್ ಪಟ್ಟಿಗೆ ಸೇರಿದ್ರೆ ಏನೇನ್ ಬದಲಾಗತ್ತೆ, ಏನ್ ಮಾಡೋಕೆ ಪರ್ಮಿಷನ್ ಬೇಕು, ಏನಕ್ಕೆ ಬೇಡ. ಇದನ್ನ ಹೇಳೋಕೇ ಅರ್ಧ ಟೈಮ್ ಹೋಗತ್ತೆ, ಹೋಗ್ಲಿ ಬಿಡಿ, ಆ ಟೈಮ್ ವೇಸ್ಟ್ ಅಲ್ಲ. ನಮ್ಮ ದೇಶದಲ್ಲಿ ಹೆರಿಟೇಜ್ ಅಂದ ತಕ್ಷಣ ಜನ ಹೆದರೋಕೆ ಒಂದು ದೊಡ್ಡ ಕಾರಣ ಅಂದ್ರೆ ಪುರಾತತ್ವ ಇಲಾಖೆಯ ಕಾನೂನು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ ಪ್ರಕಾರ ರಾಷ್ಟ್ರೀಯ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟೋ ಹಾಗಿಲ್ಲ, ಅದರಾಚೆ ಇನ್ನೂ 200 ಮೀಟರ್‌ಗೆ ಅನುಮತಿ ಬೇಕು. ಜನ ಇದನ್ನ ಎಲ್ಲೋ ಕೇಳಿರ್ತಾರೆ, ನಮ್ಮ ಬೀದಿ ಮನೆ ಪಟ್ಟಿಗೆ ಸೇರಿದ್ರೂ ಅದೇ ಕಥೆ ಅಂದ್ಕೊಂಡು ಅಕ್ಕಪಕ್ಕದ ಮನೆಯವರೂ ಬಂದು ಜಗಳಕ್ಕೆ ನಿಲ್ತಾರೆ. ನಗರದ ಹೆರಿಟೇಜ್ ಪಟ್ಟಿ ಬೇರೆ, ಅದು ಊರಿನ ಪ್ಲಾನಿಂಗ್ ನಿಯಮದಲ್ಲಿ ಬರತ್ತೆ. ಮುಂಬೈನಲ್ಲಿ 1995ರಲ್ಲಿ ಬಂದ ನಿಯಮಾನೇ ತಗೊಳಿ, ಅದ್ರಲ್ಲಿ ಮೂರು ಗ್ರೇಡ್ ಇದೆ, ಮೊದಲನೇ ಗ್ರೇಡ್ ಕಟ್ಟಡಕ್ಕೆ ಒಳಗೆ ಹೊರಗೆ ಎರಡೂ ಕಡೆ ಬಿಗಿ, ಎರಡನೇದ್ರಲ್ಲಿ ಒಳಗಡೆ ಬದಲಾವಣೆಗೆ ಅವಕಾಶ ಇದೆ, ಮೂರನೇದು ಇನ್ನೂ ಸಡಿಲ. ಇಷ್ಟು ಬಿಡಿಸಿ ಹೇಳಿದ್ರೆ ಮುಖಾನೇ ಬದಲಾಗತ್ತೆ. "ಅಂದ್ರೆ ಅಡುಗೆಮನೆ ಬಾತ್‌ರೂಮ್ ಸರಿ ಮಾಡ್ಕೋಬಹುದಾ ಸರ್?" ಅಂತ ಕೇಳ್ತಾರೆ. ಆ ಪ್ರಶ್ನೆ ಬಂತು ಅಂದ್ರೆ ಮಾತು ಶುರುವಾಯ್ತು ಅಂತ ಲೆಕ್ಕ.

ಆಮೇಲೆ ಎಲ್ರನ್ನೂ ಒಂದೇ ರಾಶಿ ಮಾಡಬಾರದು. ಮಾಲೀಕರು, ಬಾಡಿಗೆದಾರರು, ಕೆಳಗಡೆ ಅಂಗಡಿ ಇಟ್ಕೊಂಡವರು, ದಿನಾ ಮುಂದೆ ಓಡಾಡೋರು, ಇವರೆಲ್ಲರ ಅಭಿಪ್ರಾಯ ಬೇರೆ ಬೇರೆ ಇರತ್ತೆ, ಸರಾಸರಿ ತೆಗೆದ್ರೆ ಏನೂ ಉಳಿಯಲ್ಲ. ಓಡಾಡೋರ ಸಂಖ್ಯೆ ಜಾಸ್ತಿ, ಅವರಿಗೆ ಭಾರ ಇಲ್ಲ. ಮಾಲೀಕ ಒಬ್ಬನೇ, ರಿಪೇರಿ ಪೂರ್ತಿ ಅವನ ಮೇಲೆ. ನೂರು ಜನ ಹೌದು ಅಂದು ಒಬ್ಬ ಬೇಡ ಅಂದ್ರೆ ಶೇಕಡಾ 99 ಒಪ್ಪಿಗೆ ಅಂತ ಬರೆಯೋದು ನನ್ನ ಪ್ರಕಾರ ಅನ್ಯಾಯ. ನಾನು ಗುಂಪು ಗುಂಪಾಗಿ ಬೇರೆ ಹಾಳೆಯಲ್ಲೇ ಬರೀತೀನಿ, ಪ್ರತಿ ಗುಂಪಿನ ಮೇಲೆ ಏನ್ ಭಾರ ಬೀಳತ್ತೆ ಅನ್ನೋದನ್ನ ಪಕ್ಕದಲ್ಲೇ ಹಾಕ್ತೀನಿ.

ಮಾಲೀಕರ ಹತ್ರ ಹೋಗೋವಾಗ ಫೈಲು, ಐಡಿ ಕಾರ್ಡು ಮುಂದೆ ಹಿಡ್ಕೊಂಡು ಹೋದ್ರೆ ಬಾಗಿಲಲ್ಲೇ ಮಾತು ಮುಗಿಯತ್ತೆ. ನಾನು ಯಾರು ಅಂತ ಹೇಳ್ತೀನಿ, ಆಮೇಲೆ ಮೊದಲು ರಿಪೇರಿ ಬಗ್ಗೆ ಕೇಳ್ತೀನಿ, ಕೊನೇ ಸಲ ಯಾವಾಗ ಮಾಡಿಸಿದ್ರಿ, ಎಲ್ಲಿ ಸೋರತ್ತೆ, ಯಾರು ಕೆಲಸದವರು. ಮಳೆಗಾಲದ ಕಷ್ಟ ಹೇಳ್ಕೊಳ್ಳೋಕೆ ಯಾರಿಗೂ ಸಂಕೋಚ ಇಲ್ಲ. ಎಷ್ಟೋ ಕಡೆ ಗಾರೆ ಗೋಡೆ ಮೇಲೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿರ್ತಾರೆ, ಗಟ್ಟಿಯಾಗ್ಲಿ ಅಂತ. ಆದ್ರೆ ಸುಣ್ಣದ ಗಾರೆ ಉಸಿರಾಡತ್ತೆ, ತೇವ ಎಳ್ಕೊಂಡ್ರೂ ಹೊರಗೆ ಬಿಡತ್ತೆ, ಮೇಲೆ ಸಿಮೆಂಟ್ ಬಡಿದ್ರೆ ಆ ತೇವ ಒಳಗೇ ಸಿಕ್ಕಾಕ್ಕೊಂಡು ಇಟ್ಟಿಗೆ ಉದುರೋಕೆ ಶುರುವಾಗತ್ತೆ, ಪ್ಲಾಸ್ಟರ್ ಹಲಗೆ ಹಲಗೆಯಾಗಿ ಬಿಟ್ಕೊಳ್ಳತ್ತೆ. ಮಾಲೀಕರು ಇದನ್ನ ನೋಡಿ "ಹಳೇ ಕಟ್ಟಡ ಅಲ್ವಾ, ಆಯಸ್ಸು ಮುಗೀತು" ಅಂತಾರೆ. ಎಷ್ಟೋ ಸಲ ಮುಗಿದಿರೋದು ಆ ಮೇಲಿನ ಸಿಮೆಂಟಿನ ಆಯಸ್ಸು ಅಷ್ಟೇ, ಒಳಗಿನ ಗೋಡೆ ಚೆನ್ನಾಗೇ ಇರತ್ತೆ. ಇದನ್ನ ಅಲ್ಲೇ ನಿಂತು ತೋರಿಸಿ ಹೇಳಿದ್ರೆ, ಕೆಡವೋದು ಬಿಟ್ರೆ ದಾರಿ ಇಲ್ಲ ಅಂತಿದ್ದವರಲ್ಲಿ ಕೆಲವರಾದ್ರೂ ಸರಿ ಮಾಡೋಕೆ ಯಾರು ಸಿಕ್ತಾರೆ ಅಂತ ಕೇಳ್ತಾರೆ. ಅದನ್ನೂ ಬರ್ಕೋತೀನಿ, ಯಾಕಂದ್ರೆ ಸುಣ್ಣದ ಕೆಲಸ ಗೊತ್ತಿರೋ ಮೇಸ್ತ್ರಿ ಸಿಗದೇ ಇರೋದು ಜನರ ವಿರೋಧಕ್ಕೆ ಒಂದು ನಿಜವಾದ ಕಾರಣ, ಅದು ಯಾವ ಪ್ರಶ್ನಾವಳಿಯಲ್ಲೂ ಇರಲ್ಲ.

ಮಾಲೀಕರ ದೊಡ್ಡ ಪ್ರಶ್ನೆ ಜಾಗದ ಬೆಲೆ. ಪಕ್ಕದವನು ಐದು ಮಹಡಿ ಎತ್ತಿದಾನೆ, ನಾನ್ಯಾಕೆ ಎತ್ತಬಾರದು, ಊರಿಗೆ ಚಂದ ಕಾಣ್ಲಿ ಅಂತ ನನ್ನ ಮಕ್ಕಳ ಪಾಲು ಯಾಕೆ ಬಿಡ್ಲಿ? ಇದನ್ನ ದುರಾಸೆ ಅಂತ ತಳ್ಳಿ ಹಾಕೋರನ್ನ ಕಂಡ್ರೆ ನನಗೆ ಸಿಟ್ಟು ಬರತ್ತೆ. ಇದು ನ್ಯಾಯವಾದ ಪ್ರಶ್ನೆ, ದೊಡ್ಡ ದೊಡ್ಡ ಕೋರ್ಟಿಗೂ ಹೋಗಿರೋ ಪ್ರಶ್ನೆ. ನ್ಯೂಯಾರ್ಕಿನಲ್ಲಿ 1910ರಲ್ಲಿ ಶುರುವಾದ ಪೆನ್ಸಿಲ್ವೇನಿಯಾ ರೈಲ್ವೆ ಸ್ಟೇಷನ್ನನ್ನ 1963ರಲ್ಲಿ ಒಡೆಯೋಕೆ ಶುರು ಮಾಡಿದ್ರು, ಜನ ಎಷ್ಟು ನೊಂದ್ಕೊಂಡ್ರು ಅಂದ್ರೆ 1965ರಲ್ಲಿ ಆ ಊರಿಗೆ ಮಹತ್ವದ ಕಟ್ಟಡ ಉಳಿಸೋ ಲ್ಯಾಂಡ್‌ಮಾರ್ಕ್ ಕಾನೂನೇ ಬಂತು. ಆಮೇಲೆ ಗ್ರಾಂಡ್ ಸೆಂಟ್ರಲ್ ಸ್ಟೇಷನ್ ಮೇಲೆ ಟವರ್ ಕಟ್ಟೋಕೆ ಬಿಡ್ಲಿಲ್ಲ ಅಂತ ಮಾಲೀಕರು ಕೋರ್ಟಿಗೆ ಹೋದ್ರು, 1978ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಊರಿನ ಪರ ತೀರ್ಪು ಕೊಡ್ತು. ಆ ತೀರ್ಪಲ್ಲಿ ಮುಖ್ಯ ಅಂಶ ಏನಂದ್ರೆ, ಸ್ಟೇಷನ್ ಇರೋ ಹಾಗೆ ನಡೆಸ್ಕೊಂಡು ಹೋಗಬಹುದು, ಮತ್ತೆ ಮೇಲೆ ಕಟ್ಟೋ ಹಕ್ಕನ್ನ ಹತ್ತಿರದ ಬೇರೆ ಜಾಗಗಳಿಗೆ ವರ್ಗಾಯಿಸಬಹುದು ಅನ್ನೋದು. ಟಿಡಿಆರ್, ಅಂದ್ರೆ ಕಟ್ಟೋ ಹಕ್ಕಿನ ವರ್ಗಾವಣೆ, ಅಂತ ನಮ್ಮಲ್ಲಿ ಹೇಳೋದೂ ಇದೇ ತರದ್ದು. ಇದನ್ನ ಹೇಳಿದ್ರೆ ಮಾಲೀಕರು ಕೂತು ಕೇಳ್ತಾರೆ, ತಕ್ಷಣ "ಅದು ಪೇಪರಲ್ಲಿ ಇರತ್ತೆ, ಕೈಗೆ ಬರೋದು ಯಾವಾಗ?" ಅಂತ ಕೇಳ್ತಾರೆ. ಸಮಾಧಾನ ಮಾಡೋಕೆ ಹೋಗ್ಬೇಡಿ, ಆ ಮಾತನ್ನ ಹಾಗೇ ಬರ್ಕೊಳಿ.

ಬಾಡಿಗೆದಾರರದ್ದು ಇನ್ನೊಂದು ಲೆಕ್ಕ. ಕಟ್ಟಡ ಉಳಿದ್ರೆ ತಾವು ಉಳೀತೀವಿ ಅಂತ ಜೋರಾಗಿ ಬೆಂಬಲ ಕೊಡ್ತಾರೆ, ಅದು ಕಟ್ಟಡದ ಮೇಲಿನ ಪ್ರೀತಿನಾ ಒಕ್ಕಲೆಬ್ಬಿಸ್ತಾರೆ ಅನ್ನೋ ಭಯನಾ ಅಂತ ಬಿಡಿಸಿ ನೋಡ್ಬೇಕು. ಭಯ ಇದ್ರೆ ಭಯ ಅಂತಾನೇ ಬರೀಬೇಕು. ಯಾಕಂದ್ರೆ ಕಟ್ಟಡ ರಿಪೇರಿಯಾಗಿ ಮಿಂಚೋಕೆ ಶುರುವಾದ್ಮೇಲೆ ಬಾಡಿಗೆ ಏರಿಸಿ ಅದೇ ಜನರನ್ನ ಹೊರಗೆ ಹಾಕೋದೂ ಉಂಟು. ಇಟಲಿಯ ಬೊಲೋನ್ಯಾ ಊರಲ್ಲಿ 1970ರ ದಶಕದಲ್ಲಿ ಹಳೇ ಪೇಟೆ ಮನೆಗಳನ್ನ ದುರಸ್ತಿ ಮಾಡೋವಾಗ ಅಲ್ಲಿ ವಾಸ ಮಾಡೋ ಜನರನ್ನೂ ಅಲ್ಲೇ ಉಳಿಸ್ಬೇಕು ಅಂತ ಯೋಜನೆ ಹಾಕಿದ್ರು, ಅದು ಬಹಳ ದೊಡ್ಡ ವಿಚಾರ ಅಂತ ನಾನು ನಂಬಿದೀನಿ. ಜನ ಹೋಗಿ ಬರೀ ಗೋಡೆ ಉಳಿದ್ರೆ ಅದನ್ನ ಅರ್ಧ ಕೆಲಸ ಅಂತಾನೇ ನಾನು ಕರೆಯೋದು.

ಒಂದು ಎಚ್ಚರಿಕೆ, ಇದು ಬಹಳ ಮುಖ್ಯ. ಅಭಿಪ್ರಾಯ ಕೇಳೋಕೆ ಹೋಗೋದೇ ಕೆಲವು ಸಲ ಕಟ್ಟಡಕ್ಕೆ ಅಪಾಯ ತರತ್ತೆ. ಪಟ್ಟಿಗೆ ಸೇರಿಸ್ತಾರಂತೆ ಅನ್ನೋ ಸುದ್ದಿ ಹಬ್ಬಿದ ಕೂಡಲೇ, ಸೇರೋ ಮುಂಚೆ ಒಡೆದು ಹಾಕೋಣ ಅನ್ನೋರು ಇರ್ತಾರೆ. ಲಂಡನ್ನಿನ ಪಶ್ಚಿಮಕ್ಕಿದ್ದ 1928ರ ಫೈರ್‌ಸ್ಟೋನ್ ಕಾರ್ಖಾನೆ ಕಟ್ಟಡವನ್ನ 1980ರ ಆಗಸ್ಟ್‌ನಲ್ಲಿ ರಜೆ ವಾರಾಂತ್ಯ ನೋಡ್ಕೊಂಡು ಕೆಡವಿದ್ರು, ಇನ್ನೇನು ರಕ್ಷಣೆ ಸಿಗೋದ್ರಲ್ಲಿತ್ತು. ಹಾಗಾಗಿ ಸಾರ್ವಜನಿಕರ ಮುಂದೆ ಹೋಗೋ ಮುಂಚೆ ತಾತ್ಕಾಲಿಕ ರಕ್ಷಣೆಗೆ ದಾರಿ ಇದ್ಯಾ ಅಂತ ಸಂಬಂಧಪಟ್ಟವರ ಹತ್ರ ಕೇಳಿ ಬರವಣಿಗೆಯಲ್ಲಿ ತಗೊಳಿ. ವೇಲ್ಸ್‌ನಲ್ಲಿ 2016ರ ಕಾನೂನಲ್ಲಿ ಇದನ್ನೇ ಸೇರಿಸಿದಾರೆ, ಮಾಲೀಕರ ಅಭಿಪ್ರಾಯ ಕೇಳ್ತಿರೋ ಅವಧಿಯಲ್ಲಿ ಕಟ್ಟಡಕ್ಕೆ ಮಧ್ಯಂತರ ರಕ್ಷಣೆ ಇರತ್ತೆ. ಅಂಥ ನಿಯಮ ಇಲ್ಲದ ಕಡೆ ನಾನು ಒಂದೊಂದೇ ಕಟ್ಟಡದ ಹೆಸರು ಹಿಡ್ಕೊಂಡು ಹೋಗಲ್ಲ, ಇಡೀ ಬೀದಿ ಬಗ್ಗೆ ಮಾತಾಡ್ತೀನಿ.

ಇನ್ನು ಚಂದದ ವಿಷಯ. ಕಮಾನು, ಕಂಬ, ಕೆತ್ತನೆ ಇದ್ರೆ ಜನ ಸಲೀಸಾಗಿ ಒಪ್ಕೋತಾರೆ. 1960, 70ರ ಕಾಂಕ್ರೀಟ್ ಕಟ್ಟಡದ ಫೋಟೋ ತೋರಿಸಿದ್ರೆ "ಇದೆಂಥಾ ಹೆರಿಟೇಜು?" ಅಂತಾರೆ. ಇಂಗ್ಲೆಂಡಿನ ಪ್ರೆಸ್ಟನ್ ಊರಿನ ಬಸ್ ನಿಲ್ದಾಣ 1969ರಲ್ಲಿ ಶುರುವಾಗಿದ್ದು, ಊರಿನ ಕೌನ್ಸಿಲ್ಲೇ ಕೆಡವೋಕೆ ಹೊರಟಿತ್ತು, ಜನ ಬಿಡ್ಲಿಲ್ಲ, 2013ರಲ್ಲಿ ಅದಕ್ಕೆ ರಕ್ಷಣೆ ಸಿಗ್ತು. ಅಲ್ಲಿ ಬಸ್ ಹತ್ತಿ ಇಳಿದ ಜನಕ್ಕೆ ಅದು ತಮ್ಮದು ಅನ್ಸಿತ್ತು. ಅದಕ್ಕೆ ನಾನು "ಚೆನ್ನಾಗಿದ್ಯಾ?" ಅಂತ ಕೇಳೋದು ಬಿಟ್ಟು "ಇಲ್ಲಿ ಏನೇನ್ ನಡೀತಿತ್ತು?" ಅಂತ ಕೇಳ್ತೀನಿ. ಆಸ್ಟ್ರೇಲಿಯಾದವರು ಹಳೇ ಜಾಗಗಳನ್ನ ಉಳಿಸೋಕೆ ಅಂತ 1979ರಲ್ಲಿ ಮಾಡ್ಕೊಂಡ ಬುರ್ರಾ ಸನ್ನದು ಅನ್ನೋ ಮಾರ್ಗಸೂಚಿಯಲ್ಲಿ ಸೌಂದರ್ಯ, ಇತಿಹಾಸದ ಜೊತೆಗೆ ಸಾಮಾಜಿಕ ಮೌಲ್ಯ ಅಂತ ಒಂದು ಸೇರಿಸಿದಾರಲ್ಲ, ಅದು ಹೊರಗೆ ಬರೋದು ಈ ಪ್ರಶ್ನೆಯಿಂದ. ಅಜ್ಜಿಯೊಬ್ಬರು ಒಂದು ಬೋಳು ಕಟ್ಟಡ ತೋರಿಸಿ "ನಾನು ಮೊದಲನೇ ಸಂಬಳ ತಗೊಂಡಿದ್ದು ಇಲ್ಲೇ ಕಣಪ್ಪಾ" ಅಂದ್ರು, ಆ ಕಟ್ಟಡದ ಬಗ್ಗೆ ಆರ್ಕಿಟೆಕ್ಟ್‌ಗಳ ಟಿಪ್ಪಣಿಯಲ್ಲಿ ಎರಡು ಸಾಲು ಮಾತ್ರ ಇತ್ತು. ಇದರ ಇನ್ನೊಂದು ಮುಖಾನೂ ಇದೆ. ಕೆಲವು ಕಟ್ಟಡಗಳೊಳಗೆ ತಮ್ಮ ಜನರನ್ನ ಬಿಟ್ಕೊಳ್ತಿರ್ಲಿಲ್ಲ, ಅಲ್ಲಿ ಅವಮಾನ ಆಗಿತ್ತು ಅಂತ ಹೇಳೋರು ಸಿಗ್ತಾರೆ. ಆ ನೆನಪೂ ಕಟ್ಟಡದ ಇತಿಹಾಸಾನೇ, ಅದನ್ನ ಅಡಿಟಿಪ್ಪಣಿಗೆ ತಳ್ಳಬಾರದು, ಮುಖ್ಯ ಪಠ್ಯದಲ್ಲೇ ಹಾಕಿ.

ಸಾರ್ವಜನಿಕ ಸಭೆ ಬಗ್ಗೆ ಜಾಸ್ತಿ ಹೇಳಲ್ಲ. ಮಾಡ್ಬೇಕು, ನಿಯಮ ಇರತ್ತೆ, ಆದ್ರೆ ಅದನ್ನೇ ನಂಬ್ಕೋಬೇಡಿ. ಮೈಕ್ ಹಿಡಿಯೋರು ಯಾವಾಗಲೂ ಅದೇ ನಾಲ್ಕು ಜನ, ಮಾಲೀಕರ ಮುಂದೆ ಬಾಡಿಗೆದಾರ ಬಾಯಿ ಬಿಡಲ್ಲ, ಹೆಣ್ಮಕ್ಕಳು ಹಿಂದಿನ ಸಾಲಲ್ಲಿ ಕೂತು ಎದ್ದು ಹೋಗ್ತಾರೆ. ಬೇರೆ ಬೇರೆ ಹೊತ್ತಲ್ಲಿ ಬೀದಿಗೆ ಹೋಗಿ, ಬೆಳಿಗ್ಗೆ ಸಿಗೋರೇ ಬೇರೆ ಸಂಜೆ ಸಿಗೋರೇ ಬೇರೆ. ಜೊತೆಯಲ್ಲಿ ನಡ್ಕೊಂಡು ಮಾತಾಡಿಸಿದ್ರೆ ಕೂತು ಮಾತಾಡೋದಕ್ಕಿಂತ ಜಾಸ್ತಿ ಹೇಳ್ತಾರೆ, ಕಟ್ಟಡ ಕಣ್ಣೆದುರಿಗಿದ್ರೆ ನೆನಪು ತಾನಾಗೇ ಬರತ್ತೆ.

ಈಗ ಎಲ್ರೂ ಕೇಳೋ ಪ್ರಶ್ನೆ, ಜನ ಬೇಡ ಅಂದ್ರೆ ಏನ್ ಮಾಡ್ತೀರ? ಜರ್ಮನಿಯ ಡ್ರೆಸ್ಡೆನ್ ನೆನಪಾಗತ್ತೆ. ಅಲ್ಲಿನ ಎಲ್ಬೆ ಕಣಿವೆ 2004ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರ್ತು, 2005ರಲ್ಲಿ ಊರಿನ ಜನ ಮತ ಹಾಕಿ ನದಿಗೆ ಹೊಸ ಸೇತುವೆ ಬೇಕು ಅಂದ್ರು, ಸೇತುವೆಯಿಂದ ಕಣಿವೆಯ ನೋಟ ಕೆಡತ್ತೆ ಅಂತ ಅಪಾಯದ ಪಟ್ಟಿಗೆ ಯುನೆಸ್ಕೊ ಹಾಕಿದ್ದು 2006ರಲ್ಲಿ, 2009ರಲ್ಲಿ ಪಟ್ಟಿಯಿಂದಾನೇ ತೆಗೆದು ಹಾಕಿದ್ರು. ವರ್ಷಗಳ ಕ್ರಮ ಗಮನಿಸಿ, ಮತ ಮೊದಲು ಆಯ್ತು, ಎಚ್ಚರಿಕೆ ಆಮೇಲೆ ಬಂತು. ಪರಿಣಾಮ ಪೂರ್ತಿ ಮುಂದಿಡದೇ ಅಭಿಪ್ರಾಯ ಕೇಳಬಾರದು ಅಂತ ನಾನು ಹಠ ಹಿಡಿಯೋದು ಇದಕ್ಕೇ.

ನನ್ನ ನಿಲುವು ಹೀಗಿದೆ. ಕಟ್ಟಡಕ್ಕೆ ಮಹತ್ವ ಇದ್ಯಾ ಅನ್ನೋದನ್ನ ಕೈ ಎತ್ತಿಸಿ ತೀರ್ಮಾನ ಮಾಡೋಕಾಗಲ್ಲ, ಅದಕ್ಕೆ ಸಾಕ್ಷಿ ಬೇಕು, ದಾಖಲೆ ಬೇಕು, ಜನರ ನೆನಪೂ ಅದ್ರಲ್ಲಿ ಒಂದು ಸಾಕ್ಷಿ. ಆದ್ರೆ ಹೇಗೆ ರಕ್ಷಣೆ ಕೊಡ್ಬೇಕು, ಯಾವ ಗ್ರೇಡು, ಒಳಗೆ ಎಷ್ಟು ಬದಲಾವಣೆ ಬಿಡ್ಬೇಕು, ರಿಪೇರಿಗೆ ಯಾರು ಕೈ ಹಿಡೀಬೇಕು, ಪರ್ಮಿಷನ್ ಎಷ್ಟು ದಿನದಲ್ಲಿ ಸಿಗಬೇಕು, ಇವೆಲ್ಲಾ ಜನರನ್ನ ಕೇಳದೇ ಬರೆದ್ರೆ ನಿಲ್ಲಲ್ಲ. ಆದ್ರಿಂದ ನನ್ನ ವರದಿಯಲ್ಲಿ ಇವೆರಡೂ ಬೇರೆ ಬೇರೆ ಭಾಗ. ಜನ ಬೇಡ ಅಂದ ಕಡೆ ಬೇಡ ಅಂತಾನೇ ಇರತ್ತೆ, ಯಾಕೆ ಬೇಡ ಅಂದ್ರು ಮತ್ತೆ ಏನ್ ಸಿಕ್ಕಿದ್ರೆ ಒಪ್ತಾರೆ ಅನ್ನೋದೂ ಇರತ್ತೆ. ಹೆಚ್ಚಿನ "ಬೇಡ"ಗಳ ಹಿಂದೆ ಕಟ್ಟಡದ ಮೇಲೆ ದ್ವೇಷ ಏನೂ ಇರಲ್ಲ, ಆಫೀಸು ಅಲೆದಾಟದ ಭಯ ಇರತ್ತೆ.

ವರದಿ ಕರಡು ಆದ್ಮೇಲೆ ಅದನ್ನ ತಗೊಂಡು ಮತ್ತೆ ಅದೇ ಬೀದಿಗೆ ಹೋಗ್ತೀನಿ. ಮಾತಾಡಿದವರಿಗೆ ಅವರ ಗುಂಪಿನ ಭಾಗ ಓದಿ ಹೇಳ್ತೀನಿ, ಹೆಸರು ಎಲ್ಲೂ ಹಾಕಿಲ್ಲ ಅಂತ ತೋರಿಸ್ತೀನಿ, ನಾನು ಹೀಗಂದಿಲ್ಲ ಅಂದ್ರೆ ಅಲ್ಲೇ ತಿದ್ತೀನಿ. ಕೆಲವರು ಈ ಎರಡನೇ ಸಲಕ್ಕೆ ಹಳೇ ಫೋಟೋ, ಮನೆ ನಕ್ಷೆ, ಪತ್ರ ತೆಗೆದಿಟ್ಟು ಕಾಯ್ತಿರ್ತಾರೆ. ಅವುಗಳನ್ನ ಅವರ ಮನೆಯಲ್ಲೇ ಕೂತು ಸ್ಕ್ಯಾನ್ ಮಾಡಿ ಮೂಲ ಪ್ರತಿ ಅಲ್ಲೇ ಬಿಟ್ಟು ಬರ್ತೀನಿ, ಪ್ರತಿ ವರದಿಗೆ ಸೇರತ್ತೆ.