ಶೆರಿಫ್ ಆಫೀಸಿನಲ್ಲಿ ನನ್ನ ರಾತ್ರಿ ಪಾಳಿ

ಊರಿಗೆ ಫೋನ್ ಮಾಡಿದಾಗಲೆಲ್ಲ ಸೋದರಮಾವ ಕೇಳುವುದು ಒಂದೇ: "ಏನೋ, ಕುದುರೆ ಕೊಟ್ರಾ?" ಶೆರಿಫ್ ಅಂದರೆ ಅವರಿಗೆ ದೊಡ್ಡ ಟೋಪಿ, ಎದೆ ಮೇಲೆ ನಕ್ಷತ್ರ. ನಾನು ಅಮೆರಿಕದ ಟೆಕ್ಸಾಸಿನ ಒಂದು ಸಣ್ಣ ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯಂಥದ್ದರಲ್ಲಿ, ಶೆರಿಫ್ ಕೈಕೆಳಗಿನ ಜೈಲರ್. ಪಾಳಿಯಲ್ಲಿ ನನ್ನ ಸೊಂಟಕ್ಕೆ ಪಿಸ್ತೂಲೂ ಇಲ್ಲ. ಬೀಗದ ಕೈ ಗೊಂಚಲು, ರೇಡಿಯೋ, ಅಷ್ಟೇ.

ಮಾವ ತುಮಕೂರಿನ ಕೋರ್ಟಿನಲ್ಲಿ ಅಮೀನರಾಗಿದ್ದವರು. ಕೊನೆಗೆ ಹೀಗೆ ಹೇಳಿದೆ: "ನಿಮ್ಮ ಕೆಲಸ, ಎಸ್‌ಪಿ ಸಾಹೇಬರ ಕೆಲಸ, ಜೈಲು ಸೂಪರಿಂಟೆಂಡೆಂಟ್ ಕೆಲಸ, ಮೂರನ್ನೂ ಒಬ್ಬರ ತಲೆಗೆ ಕಟ್ಟಿದರೆ ಅವರೇ ಶೆರಿಫ್, ಮಾವ." ಪಟ್ಟಣಗಳಿಗೆ ತಮ್ಮದೇ ಪೊಲೀಸರಿರುತ್ತಾರೆ. ಅದರಾಚೆಯ ಹೊಲ, ಹಳ್ಳಿ, ರಸ್ತೆಯಲ್ಲಿ ನಮ್ಮ ಡೆಪ್ಯುಟಿಗಳ ಗಸ್ತು. ಸಮನ್ಸ್, ಜಪ್ತಿ ಜಾರಿಯೂ ಇದೆ. ಅದರಲ್ಲಿ ಕಾನ್‌ಸ್ಟೇಬಲ್‌ಗಳಿಗೂ ಪಾಲು. ಟೆಕ್ಸಾಸಿನಲ್ಲಿ ಕಾನ್‌ಸ್ಟೇಬಲ್ ಕೂಡ ಓಟಿನಲ್ಲಿ ಗೆದ್ದು ಬರಬೇಕು!

ಶೆರಿಫ್ ಕಥೆಯೂ ಅದೇ. ಇಲ್ಲಿನ 254 ಕೌಂಟಿಗಳಲ್ಲೂ 4 ವರ್ಷಕ್ಕೊಮ್ಮೆ ಚುನಾವಣೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಎತ್ತಂಗಡಿ ಮಾಡೋರು ಯಾರು?" ಅಂದರು. "ಜನಾನೇ ಮಾವ." ಆದರೆ ದುಡ್ಡು ಶೆರಿಫ್ ಕೈಲಿಲ್ಲ. ಬಜೆಟ್ ಮಂಜೂರು ಮಾಡುವುದು ಕಮಿಷನರ್ಸ್ ಕೋರ್ಟ್. ಹೆಸರಿಗಷ್ಟೇ ಕೋರ್ಟ್, ಅದು ನಮ್ಮ ಜಿಲ್ಲಾ ಪಂಚಾಯಿತಿ ಥರದ್ದು.

ನನ್ನ ಲೋಕ ಜೈಲು. ಯಾರು ಹಿಡಿದರೂ ತಂದು ಬಿಡುವುದು ಇಲ್ಲಿಗೇ. ಬೆಲ್ಟು, ಶೂ ದಾರ ಬಿಚ್ಚಿಸಿ, ಜೇಬಿನ ಚಿಲ್ಲರೆಯನ್ನು ಅವರೆದುರೇ ಎಣಿಸಿ, ಸಹಿ ಹಾಕಿಸಿಕೊಳ್ಳುತ್ತೇನೆ. ಬೆರಳಚ್ಚು, ಫೋಟೋ. ಆಮೇಲೆ ಒಂದು ಫಾರಂ. ಸಾಯಬೇಕು ಅನ್ನಿಸುತ್ತಿದೆಯಾ ಅಂತ ಮುಖ ನೋಡಿಯೇ ಕೇಳಬೇಕು. ಮೊದಲ ವಾರ ಆ ಪ್ರಶ್ನೆ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಹಿಡಿದ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಬೇಲ್ ಸಿಕ್ಕವರು ಹೋಗುತ್ತಾರೆ, ದುಡ್ಡಿಲ್ಲದವರು ಉಳಿಯುತ್ತಾರೆ.

ಜೈಲರ್ ಒಬ್ಬನಿಗೆ 48 ಕೈದಿಗಳಿಗಿಂತ ಜಾಸ್ತಿ ಇರಬಾರದು. ಗಂಟೆಗೊಮ್ಮೆ ಪ್ರತಿಯೊಬ್ಬರನ್ನೂ ಕಣ್ಣಾರೆ ನೋಡಬೇಕು. ಜೀವಕ್ಕೆ ಅಪಾಯ ಮಾಡಿಕೊಳ್ಳಬಹುದಾದವರನ್ನು ಅರ್ಧ ಗಂಟೆಗೊಮ್ಮೆ. ಕಂಬಳಿ ಹೊದ್ದು ಮಲಗಿದ್ದರೆ ಎದೆ ಏರಿಳಿಯುವುದು ಕಾಣುವವರೆಗೆ ನಿಲ್ಲುತ್ತೇನೆ. 2015ರಲ್ಲಿ ಸ್ಯಾಂಡ್ರಾ ಬ್ಲ್ಯಾಂಡ್ ಎಂಬ ಹೆಣ್ಣುಮಗಳು ಟೆಕ್ಸಾಸಿನ ಜೈಲೊಂದರಲ್ಲಿ ಸತ್ತಳು. ಅವಳನ್ನು ಹಿಡಿದಿದ್ದು ರಸ್ತೆಯಲ್ಲಿ ಕಾರು ನಿಲ್ಲಿಸಿದಾಗ. 2017ರಲ್ಲಿ ಅವಳ ಹೆಸರಲ್ಲೇ ಕಾಯ್ದೆ ಬಂತು. ಸುತ್ತು ಹಾಕಿದ್ದು ನಿಜವೇ ಅಂತ ಈಗ ಯಂತ್ರ ದಾಖಲಿಸುತ್ತದೆ. ಬಾಗಿಲ ಪಕ್ಕದ ಬಿಲ್ಲೆಗೆ ಕೈಯಲ್ಲಿರುವ ಕಡ್ಡಿ ಮುಟ್ಟಿಸಿದರೆ 'ಪೀಂ' ಅನ್ನುತ್ತದೆ. ಸುಮ್ನೆ ಬರೆದು ತುಂಬಿಸುವ ಆಟ ಅಲ್ಲಿ ನಡೆಯಲ್ಲ.

ಸೇರಿದ ಎರಡನೇ ತಿಂಗಳು. ಹೊಸದಾಗಿ ಬಂದವನ ಬೆರಳಿಂದ ಉಂಗುರ ಬರಲೊಲ್ಲದು. ಸೋಪು ಹಚ್ಚಿದೆ, ತಣ್ಣೀರಲ್ಲಿ ಅದ್ದಿಸಿದೆ, ಅವನು ನೋವಿಗೆ ಬೈಯುತ್ತಲೇ ಇದ್ದ. ಅಂತೂ ಕಳಚಿ, ಕವರಿಗೆ ಹಾಕಿ, ಗಡಿಯಾರ ನೋಡಿದರೆ 37 ನಿಮಿಷ ಆಗಿಹೋಗಿದೆ. ಅರ್ಧ ಗಂಟೆಯ ಕೋಣೆಗೆ ಓಡಿದೆ.

ಒಳಗಿದ್ದವನು ಗೋಡೆಗೆ ಒರಗಿ ಕೂತಿದ್ದ. ಅವನ ಕೋಣೆಯಲ್ಲಿ ಗಡಿಯಾರ ಇಲ್ಲ.

"ಈ ಸಲ ಲೇಟು," ಅಂದ.